ಆಟದ ಪೀರಿಯಡ್ ಕಸಿಯಬೇಡಿ: ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಪ್ರಾಥಮಿಕ ಶಾಲೆಗಳ ಎಲ್ಲ ಮೇಷ್ಟ್ರುಗಳಿಗೆ, ಮೇಡಂಗಳಿಗೆ, ಅದರಲ್ಲೂ ತರಗತಿ ಶಿಕ್ಷಕರಿಗೆ ಮತ್ತು ಪಿ.ಟಿ. ಮೇಷ್ಟ್ರಿಗೆ,



ಒಂದೇ ಒಂದು ಬೇಡಿಕೆ ಇಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಹೋಂವರ್ಕ್ ಮಾಡಿಲ್ಲ, ಪಕ್ಕದವನ ಜೊತೆ ಮಾತಾಡಿದ, ಕೂತಲ್ಲಿ ಕೂರಲಿಲ್ಲ, ನೋಟ್ಸ್ ಅರ್ಧಕ್ಕೇ ಬಿಟ್ಟ ಅಂತ ಯಾವ ಮಗುವಿನ ಆಟದ ಪೀರಿಯಡ್ಡನ್ನೂ ಕಿತ್ತುಕೊಳ್ಳಬೇಡಿ. ಹತ್ತು ನಿಮಿಷದ ಸಣ್ಣ ಬಿಡುವನ್ನೂ ಕಿತ್ತುಕೊಳ್ಳಬೇಡಿ. ಎಲ್ಲ ಮಕ್ಕಳ ಪರವಾಗಿಯೂ ಕೇಳಬಹುದಾದ ಮಾತಿದು. ನಾನು ಕೇಳುತ್ತಿರುವುದು ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆ ಇರುವ ಮಕ್ಕಳ ಪರವಾಗಿ.

ನನ್ನ ಮಗ ಅಂಥವನು, ಈಗ ಐದನೇ ಕ್ಲಾಸು. ಹಿಂದೆ ಅವನು ಓದುತ್ತಿದ್ದ ಶಾಲೆಯಲ್ಲಿ ವಾರಕ್ಕೆ ಎರಡು ಪಿ.ಟಿ. ಪೀರಿಯಡ್ ಇರುತ್ತಿದ್ದವು. ಬೋರ್ಡಿನ ಮೇಲಿನದನ್ನು ಪೂರ್ತಿ ಬರೆದುಕೊಳ್ಳದ ಮಕ್ಕಳು ಆ ಹೊತ್ತಿನಲ್ಲಿ ಕ್ಲಾಸಿನಲ್ಲೇ ಕೂತು ಬರೆದು ಮುಗಿಸಬೇಕಿತ್ತು. ಪೂರ್ತಿ ಬರೆಯಲಾಗದ್ದೇ ಅವನ ತೊಂದರೆ. ಹಾಗಾಗಿ ಒಳಗೆ ಉಳಿಯುವವನು ಹೆಚ್ಚುಕಡಿಮೆ ಯಾವಾಗಲೂ ಅವನೇ. ಡೈರಿಯಲ್ಲಿ ಕೆಂಪು ಇಂಕಿನ ದೂರುಗಳು ಬರುತ್ತಿದ್ದವು: ಊಟದ ನಂತರ ಬೆಂಚಿನ ಮೇಲೆ ಹತ್ತಿದ, ಮುಂದಿನವನ ಬ್ಯಾಗ್ ಎಳೆದ, ಕೂಗಿದ. ಒಂದು ಸಂಜೆ ಡೈರಿಯನ್ನು ವೇಳಾಪಟ್ಟಿಯ ಪಕ್ಕ ಇಟ್ಟು ನೋಡಿದೆ. ದೂರು ಬಂದದ್ದು ಬಹುಪಾಲು ಆಟ ತಪ್ಪಿದ ದಿನಗಳಲ್ಲೇ.

ಆ ಶಿಕ್ಷಕರ ಮೇಲೆ ನನಗೆ ಕೋಪವಿಲ್ಲ. ನಲವತ್ತು ಮಕ್ಕಳನ್ನು ಒಂದೇ ಕೋಣೆಯಲ್ಲಿ ಸಂಭಾಳಿಸುವುದು, ಪಾಠ ಮುಗಿಸುವುದು, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು, ಇವೆಲ್ಲದರ ನಡುವೆ ಕೂರದೇ ಇರುವ ಮಗು ನಿಮ್ಮ ತಾಳ್ಮೆಯನ್ನು ಎಷ್ಟು ಹಿಂಡುತ್ತದೆ ಅಂತ ಮನೆಯಲ್ಲಿ ಅದೇ ಮಗುವಿನ ಜೊತೆ ಸಂಜೆ ಕಳೆಯುವ ನನಗೆ ಗೊತ್ತು. ಜಗತ್ತಿನ ಬೇರೆ ಬೇರೆ ಕಡೆ ನಡೆದ ಅಧ್ಯಯನಗಳನ್ನು ಒಟ್ಟು ಸೇರಿಸಿ 2007ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಸುಮಾರು ನೂರಕ್ಕೆ ಐದು ಮಕ್ಕಳಿಗೆ ಎಡಿಎಚ್‌ಡಿ ಇರುತ್ತದೆ. ಅಂದರೆ ನಿಮ್ಮ ನಲವತ್ತರ ಕ್ಲಾಸಿನಲ್ಲಿ ಇಬ್ಬರು. ಹೆಸರು ಹೇಳದೆಯೂ ಆ ಇಬ್ಬರು ಯಾರು ಅಂತ ನಿಮಗೆ ಈಗಾಗಲೇ ಹೊಳೆದಿರಬಹುದು.

ಅವರ ತಲೆಯೊಳಗೆ ಏನು ನಡೆಯುತ್ತಿದೆ ಅನ್ನುವುದರ ಬಗ್ಗೆ ಅದೇ 2007ರಲ್ಲಿ ಇನ್ನೊಂದು ಅಧ್ಯಯನ ಬಂತು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಫಿಲಿಪ್ ಶಾ ಮತ್ತು ಸಂಗಡಿಗರು ಮಕ್ಕಳ ಮಿದುಳನ್ನು ವರ್ಷಗಟ್ಟಲೆ ಸ್ಕ್ಯಾನ್ ಮಾಡಿ ಬೆಳವಣಿಗೆಯನ್ನು ಗಮನಿಸಿದರು. ಮಿದುಳಿನ ಹೊರಪದರ ಬೆಳೆಯುತ್ತಾ ಒಂದು ವಯಸ್ಸಿನಲ್ಲಿ ಅತಿ ಹೆಚ್ಚು ದಪ್ಪಕ್ಕೆ ಬಂದು, ಆಮೇಲೆ ತೆಳುವಾಗತೊಡಗುತ್ತದೆ. ಬೇರೆ ಮಕ್ಕಳಲ್ಲಿ ಪದರದ ಅರ್ಧಭಾಗ ಆ ಹಂತ ಮುಟ್ಟುವುದು ಏಳೂವರೆ ವರ್ಷದ ಹೊತ್ತಿಗೆ. ಎಡಿಎಚ್‌ಡಿ ಮಕ್ಕಳಲ್ಲಿ ಹತ್ತೂವರೆಗೆ. ಮೂರು ವರ್ಷ ತಡ. ಹೆಚ್ಚು ತಡವಾಗಿದ್ದು ಹಣೆಯ ಹಿಂದಿನ ಭಾಗ. ಗಮನ ಹಿಡಿದಿಡುವುದು, ತಡೆದುಕೊಳ್ಳುವುದು, ಮುಂದೇನು ಅಂತ ಯೋಚಿಸುವುದು ಅದರ ಕೆಲಸ. ಆದರೆ ಕೈಕಾಲು ಆಡಿಸುವುದನ್ನು ನಡೆಸುವ ಭಾಗ ಮಾತ್ರ ಈ ಮಕ್ಕಳಲ್ಲಿ ಬೇರೆಯವರಿಗಿಂತ ಸ್ವಲ್ಪ ಬೇಗನೇ ಬಲಿತಿತ್ತು. ಪೆಡಲ್ ಜೋರಾಗಿದ್ದು ಬ್ರೇಕ್ ಇನ್ನೂ ಕೂರದ ಸೈಕಲ್ ಇದ್ದಂತೆ. ಹತ್ತು ವರ್ಷದ ಹುಡುಗನಲ್ಲಿ ಏಳು ವರ್ಷದವನ ತಡೆ, ಹತ್ತು ವರ್ಷದವನ ಕಾಲು. ಅವನು ಬೇಕಂತಲೇ ಮಾಡುತ್ತಿದ್ದಾನೆ ಅನ್ನಿಸಿದಾಗಲೆಲ್ಲ ದಯವಿಟ್ಟು ಇದನ್ನು ನೆನಪು ಮಾಡಿಕೊಳ್ಳಿ.

ಈ 'ಬೇಕಂತಲೇ' ಅನ್ನುವ ಅನುಮಾನ ಹಳೆಯದು. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಾಗ ಅವರಿಗೆ ನೈತಿಕ ನಿಯಂತ್ರಣದ ಕೊರತೆ ಇದೆ ಅಂದಿದ್ದರು. ಬುದ್ಧಿ ಚೆನ್ನಾಗಿಯೇ ಇರುವ ಮಕ್ಕಳಲ್ಲೂ ಇದು ಕಾಣುತ್ತದೆ ಅಂತ ಗುರುತಿಸಿದ್ದು ಅವರ ಸೂಕ್ಷ್ಮತೆ. ನೈತಿಕ ಕೊರತೆ ಅನ್ನುವ ಅವರ ಮಾತನ್ನು ವೈದ್ಯರು ಬಿಟ್ಟು ಎಷ್ಟೋ ಕಾಲವಾಯಿತು. ಪೋಷಕರ ಸಭೆಯಲ್ಲಿ ಮಾತ್ರ 'ಮನೆಯಲ್ಲಿ ಸ್ವಲ್ಪ ಶಿಸ್ತು ಕಲಿಸಿ' ಅನ್ನುವ ರೂಪದಲ್ಲಿ ಅದು ಇನ್ನೂ ಕೇಳಿಬರುತ್ತದೆ.

ಚಲನೆಯ ವಿಷಯಕ್ಕೆ ಬರುತ್ತೇನೆ. 2015ರಲ್ಲಿ ಸೆಂಟ್ರಲ್ ಫ್ಲೋರಿಡಾ ವಿಶ್ವವಿದ್ಯಾಲಯದ ಮಾರ್ಕ್ ರ‍್ಯಾಪೋರ್ಟ್ ತಂಡ 8ರಿಂದ 12 ವರ್ಷದ ಹುಡುಗರಿಗೆ ಅಂಕಿ, ಅಕ್ಷರ ನೆನಪಿಟ್ಟು ಹೇಳುವ ಕೆಲಸ ಕೊಟ್ಟು ವಿಡಿಯೊ ಮಾಡಿತು. ಎಡಿಎಚ್‌ಡಿ ಇರುವ ಹುಡುಗರು ಕುರ್ಚಿಯಲ್ಲಿ ಹೆಚ್ಚು ಅಲುಗಾಡಿದಷ್ಟೂ ಉತ್ತರ ಸರಿ ಬರುತ್ತಿತ್ತು. ಎಡಿಎಚ್‌ಡಿ ಇಲ್ಲದ ಹುಡುಗರಲ್ಲಿ ಹಾಗಾಗಲಿಲ್ಲ. ನನ್ನ ಮಗ ಮಗ್ಗಿ ಕಲಿತದ್ದು ಅಡುಗೆಮನೆಯಲ್ಲಿ ನಿಂತುಕೊಂಡು, ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾ. ನಾನು ತರಕಾರಿ ಹೆಚ್ಚುವಾಗ ಕಟ್ಟೆಯ ಮೇಲೆ ಪುಸ್ತಕ ಇಟ್ಟು ನಿಲ್ಲುತ್ತಾನೆ, ಹದಿಮೂರರ ಮಗ್ಗಿ ಹೇಳುತ್ತಾ ಹಿಮ್ಮಡಿ ಎತ್ತಿ ಇಳಿಸುತ್ತಾನೆ. 'ಮೊದಲು ಸರಿಯಾಗಿ ಕೂತ್ಕೋ' ಅಂದರೆ ಎಂಟನೇ ಸಾಲಿಗೆ ತಪ್ಪುತ್ತದೆ. ನಿಮ್ಮ ಕ್ಲಾಸಿನಲ್ಲೂ ಹಿಂದಿನ ಬೆಂಚಿನ ಪಕ್ಕ ನಿಂತು ಬರೆಯಲು ಇಂಥ ಹುಡುಗನಿಗೆ ಬಿಡಿ. ಹಾಜರಿ ಪುಸ್ತಕ ಆಫೀಸಿಗೆ ಕೊಟ್ಟು ಬರುವುದು, ಬೋರ್ಡ್ ಒರೆಸುವುದು, ಲೆಕ್ಕದ ಪುಸ್ತಕಗಳನ್ನು ಒಟ್ಟು ಮಾಡಿ ತರುವುದು, ಈ ಕೆಲಸಗಳನ್ನು ಸಾಮಾನ್ಯವಾಗಿ ಮಾನಿಟರ್‌ಗೆ ಕೊಡುತ್ತೀರಿ. ಅದರಲ್ಲಿ ಒಂದೆರಡನ್ನು ಇವನಿಗೆ ಕೊಡಿ. ಎರಡು ನಿಮಿಷ ನಡೆದು ಬಂದವನು ಮುಂದಿನ ಕಾಲು ಗಂಟೆ ನಿಮ್ಮ ಕೈಗೆ ಸಿಗುತ್ತಾನೆ.

ಇನ್ನೂ ಹೆಚ್ಚಿನದನ್ನು ಬೆವರು ಕೊಡುತ್ತದೆ. 2013ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 8ರಿಂದ 10 ವರ್ಷದ ಮಕ್ಕಳನ್ನು, ಎಡಿಎಚ್‌ಡಿ ಇರುವ 20 ಮಂದಿ, ಇಲ್ಲದ 20 ಮಂದಿ, ಒಂದು ದಿನ 20 ನಿಮಿಷ ಟ್ರೆಡ್‌ಮಿಲ್ ಮೇಲೆ ಚುರುಕಾಗಿ ನಡೆಸಿದರು, ಇನ್ನೊಂದು ದಿನ ಅಷ್ಟೇ ಹೊತ್ತು ಕೂರಿಸಿ ಓದಿಸಿದರು. ನಡೆದ ದಿನ ಎರಡೂ ಗುಂಪಿನ ಮಕ್ಕಳು ಓದು ಮತ್ತು ಗಣಿತದ ಪರೀಕ್ಷೆಯಲ್ಲಿ ಹೆಚ್ಚು ಚೆನ್ನಾಗಿ ಮಾಡಿದರು. ಎಡಿಎಚ್‌ಡಿ ಮಕ್ಕಳು ತಪ್ಪು ಮಾಡಿದ ಮೇಲೆ ತಡೆದು, ನಿಧಾನಿಸಿ ಮುಂದಿನದನ್ನು ಸರಿ ಮಾಡುವುದೂ ಕಂಡಿತು. ಅದೊಂದು ಸಣ್ಣ ಅಧ್ಯಯನ. ಎರಡು ವರ್ಷದ ನಂತರ, ಬೆಳಿಗ್ಗೆ ಪಾಠ ಶುರುವಾಗುವ ಮುಂಚೆ ಸುಮಾರು ಅರ್ಧ ಗಂಟೆಯಂತೆ 12 ವಾರ ಓಡಾಡಿಸಿ ಆಡಿಸಿದ ಇನ್ನೊಂದು ದೊಡ್ಡ ಪ್ರಯೋಗದಲ್ಲೂ ಮಕ್ಕಳ ಗಮನ, ಮನಸ್ಥಿತಿ ಸುಧಾರಿಸಿದ್ದನ್ನು ಕಂಡರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2013ರಲ್ಲೇ ಸ್ಪಷ್ಟವಾಗಿ ಹೇಳಿದೆ: ಬಿಡುವನ್ನು ಶಿಕ್ಷೆಗಾಗಲಿ, ಓದಿನ ಕಾರಣಕ್ಕಾಗಲಿ ತಡೆಹಿಡಿಯಬಾರದು. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಆಟದ ಮೈದಾನ ಇರಬೇಕು ಅನ್ನುತ್ತದೆ. ಮೈದಾನ ಇದ್ದೂ ಒಂದು ಮಗು ಒಳಗೆ ಕೂತಿದ್ದರೆ ಅದಿದ್ದು ಆ ಮಗುವಿಗೆ ಏನು ಬಂತು?

ಇದಕ್ಕೆ ಟ್ರೆಡ್‌ಮಿಲ್ ಬೇಡ, ದುಡ್ಡು ಬೇಡ. ನಮ್ಮ ಆಟಗಳನ್ನೇ ನೋಡಿ. ಕೆರೆ-ದಡ ಆಡಿಸದ ಪ್ರಾಥಮಿಕ ಶಾಲೆ ಕರ್ನಾಟಕದಲ್ಲಿ ಇರಲಿಕ್ಕಿಲ್ಲ. ನೆಲದ ಮೇಲೊಂದು ಗೆರೆ. ಮೇಷ್ಟ್ರು 'ಕೆರೆ' ಅಂದರೆ ಒಳಕ್ಕೆ ಹಾರಬೇಕು, 'ದಡ' ಅಂದರೆ ಹೊರಕ್ಕೆ. ಕೆರೆ, ದಡ, ಕೆರೆ, ದಡ ಅಂತ ಲಯ ಹಿಡಿಸಿ, ತಟ್ಟನೆ 'ದಡ, ದಡ' ಅಂದಾಗ ಅರ್ಧ ಕ್ಲಾಸು ನೀರಿಗೆ ಬೀಳುತ್ತದೆ. ಹಾರಲು ಸಿದ್ಧವಾದ ಕಾಲನ್ನು ಕೊನೆಯ ಕ್ಷಣದಲ್ಲಿ ಹಿಡಿದು ನಿಲ್ಲಿಸುವುದು, ಎಡಿಎಚ್‌ಡಿ ಮಗುವಿಗೆ ಕಷ್ಟವಾಗಿರುವುದು ಸರಿಯಾಗಿ ಅದೇ. ಮನಶ್ಶಾಸ್ತ್ರದ ಪ್ರಯೋಗಾಲಯಗಳಲ್ಲಿ ಕಂಪ್ಯೂಟರ್ ಮುಂದೆ ಕೂರಿಸಿ ಅಳೆಯುವ ಗುಣವನ್ನು ನಮ್ಮ ಮಕ್ಕಳು ಮಣ್ಣಿನಲ್ಲಿ ನಗುತ್ತಾ ಅಭ್ಯಾಸ ಮಾಡುತ್ತಾರೆ. ನನ್ನ ಸಣ್ಣ ಕೋರಿಕೆ ಏನೆಂದರೆ, ಔಟಾದವನನ್ನು ಆಟದಿಂದ ಹೊರಗೆ ಕೂರಿಸಬೇಡಿ. ಮೊದಲು ಔಟಾಗುವವನು ಇವನೇ, ಅಭ್ಯಾಸ ಹೆಚ್ಚು ಬೇಕಾದವನೂ ಇವನೇ. ಔಟಾದರೆ ಮೈದಾನದ ಆ ತುದಿ ಮುಟ್ಟಿ ಓಡಿ ಬಂದು ಮತ್ತೆ ಸೇರಿಕೊಳ್ಳಲಿ.

ಖೋ ಖೋ ಇನ್ನೂ ಒಳ್ಳೆಯದು. ಎಂಟು ಮಂದಿ ಸಾಲಾಗಿ ಒಬ್ಬರು ಈ ಕಡೆ, ಇನ್ನೊಬ್ಬರು ಆ ಕಡೆ ಮುಖ ಮಾಡಿ ಕೂತಿರುತ್ತಾರೆ. ಬೆನ್ನಿಗೆ ಕೈ ಬಿದ್ದು 'ಖೋ' ಕೇಳುವವರೆಗೂ ಏಳುವ ಹಾಗಿಲ್ಲ. ಕೇಳಿದ ಮರುಗಳಿಗೆ ಚಿಮ್ಮಬೇಕು. ಒಮ್ಮೆ ಹಿಡಿದ ದಿಕ್ಕನ್ನು ನಡುವೆ ಬದಲಿಸುವ ಹಾಗಿಲ್ಲ. ಕಾಯುವುದು, ಕೇಳಿಸಿಕೊಳ್ಳುವುದು, ನಿಯಮ ನೆನಪಿಡುವುದು, ಎಲ್ಲವೂ ಓಟದ ಒಳಗೇ ಬಂದುಬಿಡುತ್ತದೆ. ಈಗ ಮಗ ಓದುತ್ತಿರುವ ಶಾಲೆಯ ಪಿ.ಟಿ. ಮೇಷ್ಟ್ರು ಆಟಕ್ಕೆ ಮುಂಚೆ ಅಂಕಣಕ್ಕೆ ಸುಣ್ಣದ ಪುಡಿ ಹಾಕುವ ಕೆಲಸವನ್ನು ಅವನಿಗೆ ವಹಿಸಿದ್ದಾರೆ. ಒಮ್ಮೆ ಗೇಟಿನ ಹತ್ತಿರ ನಿಂತು ನೋಡಿದೆ. ಹಗ್ಗ ಎಳೆದು ಹಿಡಿದ ಹುಡುಗಿಗೆ 'ಬಿಗಿ ಹಿಡಿ, ಬಿಗಿ ಹಿಡಿ' ಅನ್ನುತ್ತಾ, ಡಬ್ಬದಿಂದ ಒಂದೇ ಸಮನೆ ಪುಡಿ ಉದುರಿಸುತ್ತಾ, ನಾಲಗೆ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ಬಗ್ಗಿ ನಡೆಯುತ್ತಿದ್ದ. ಗೆರೆ ಸೊಟ್ಟ ಆದ ಕಡೆ ಕಾಲಿನಿಂದ ಅಳಿಸಿ ಮತ್ತೆ ಹಾಕಿದ. ನೋಟ್ ಬುಕ್ಕಿನಲ್ಲಿ ಒಂದು ಸಾಲು ನೆಟ್ಟಗೆ ಬರೆಯಲಾರ ಅಂತ ಎಲ್ಲರೂ ಅನ್ನುವ ಹುಡುಗ ಅವನು.

ಪಿ.ಟಿ. ಮೇಷ್ಟ್ರೇ, ನಿಮಗೇ ಹೇಳಬೇಕಾದ ಒಂದು ಮಾತಿದೆ. ಹೋಬಳಿ ಮಟ್ಟ, ತಾಲ್ಲೂಕು ಮಟ್ಟದ ಕ್ರೀಡಾಕೂಟ ಹತ್ತಿರ ಬಂದಾಗ ಆಯ್ಕೆಯಾದ ಹತ್ತು ಹನ್ನೆರಡು ಮಕ್ಕಳನ್ನು ಹಿಡಿದು ತಯಾರಿ ಮಾಡುತ್ತೀರಿ, ಉಳಿದವರು ಸುತ್ತ ಕೂತು ನೋಡುತ್ತಾರೆ. ಜಗಳ ಮಾಡುತ್ತಾನೆ, ತಂಡಕ್ಕೆ ಹೊಂದುವುದಿಲ್ಲ ಅಂತ ಎಡಿಎಚ್‌ಡಿ ಹುಡುಗ ಆ ಆಯ್ಕೆಯಲ್ಲಿ ಬರುವುದು ಕಡಿಮೆ. ತಂಡದ ಆಟ ಹೊಂದದಿದ್ದರೆ ಓಟ, ಉದ್ದ ಜಿಗಿತ, ಹಗ್ಗದಾಟ, ಕರಾಟೆ, ಡೊಳ್ಳು, ಊರಿನಲ್ಲಿ ಈಜುಕೊಳವಿದ್ದರೆ ಈಜು, ಏನಾದರೂ ಒಂದು ಅವನಿಗೆ ಒಗ್ಗುತ್ತದೆ. ಒಲಿಂಪಿಕ್ಸ್‌ನಲ್ಲಿ 28 ಪದಕ ಗೆದ್ದ ಈಜುಗಾರ ಮೈಕೆಲ್ ಫೆಲ್ಪ್ಸ್‌ಗೆ ಒಂಬತ್ತನೇ ವಯಸ್ಸಿನಲ್ಲಿ ಎಡಿಎಚ್‌ಡಿ ಇದೆ ಅಂತ ಗೊತ್ತಾಯಿತು. ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ತನಗೂ ಇದೆ ಅಂತ 2016ರಲ್ಲಿ ಬಹಿರಂಗವಾಗಿ ಹೇಳಿದರು. ನಮ್ಮ ಮಕ್ಕಳು ಪದಕ ತರಬೇಕಾಗಿಲ್ಲ. ಕೂರದ ಮೈಯೇ ತಮ್ಮ ಬಲವಾಗುವ ಒಂದು ಜಾಗ ಇದೆ ಅಂತ ಅವರಿಗೆ ತಿಳಿದರೆ ಸಾಕು.

ಹುಡುಗಿಯರ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಎಡಿಎಚ್‌ಡಿ ಅಂದರೆ ಗಲಾಟೆ ಅಂದುಕೊಂಡರೆ ಕಿಟಕಿ ಪಕ್ಕ ಸುಮ್ಮನೆ ಕೂತು, ಜಾಮಿಟ್ರಿ ಬಾಕ್ಸ್ ಕಳೆದುಕೊಂಡು, ಪ್ರಶ್ನೆ ಕೇಳಿದಾಗ ಬೆಚ್ಚಿ ಏಳುವ ಹುಡುಗಿ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಗಮನ ನಿಲ್ಲದ ತೊಂದರೆಯೊಂದೇ ಇರುವ ಈ ಬಗೆ ಹುಡುಗಿಯರಲ್ಲಿ ಎಷ್ಟೋ ವರ್ಷ ಯಾರಿಗೂ ತಿಳಿಯದೆ ಉಳಿದುಬಿಡುತ್ತದೆ. ಅವಳು ತೊಂದರೆ ಕೊಡುವುದಿಲ್ಲವಾದ್ದರಿಂದ 'ಪಾಪ, ಸ್ವಲ್ಪ ಮಂದ' ಅನ್ನಿಸಿಕೊಳ್ಳುತ್ತಾಳೆ. ಆರನೇ ಕ್ಲಾಸಿನ ಹೊತ್ತಿಗೆ ಹುಡುಗಿಯರು ಮೈದಾನದ ಅಂಚಿಗೆ ಸರಿದು, ಆಟದ ಪೀರಿಯಡ್‌ನಲ್ಲಿ ಮರದ ಕೆಳಗೆ ಮಾತಾಡುತ್ತಾ ಕೂರುವುದು ನೀವೂ ನೋಡಿದ್ದೀರಿ. ದಯವಿಟ್ಟು ಕರೆಯಿರಿ. ಹೆಸರು ಹಿಡಿದು ಕರೆಯಿರಿ. ಕುಂಟೆಬಿಲ್ಲೆ, ಥ್ರೋಬಾಲ್, ಲಗೋರಿ, ಯಾವುದಾದರೂ ಆಗಲಿ.

ಇನ್ನೊಂದು ವಿಷಯ ನಾಲ್ಕನೇ ಕ್ಲಾಸಿನದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹರಡಿದ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಕಾರ್ಡ್ ಹುಡುಕಿ, ಗುಂಪಿನಿಂದ ಗುಂಪಿಗೆ ಎದ್ದು ಹೋಗಿ, ನೆಲದ ಮೇಲೆ ಕೂತು, ತಮ್ಮ ವೇಗದಲ್ಲಿ ಕಲಿಯುತ್ತಾರೆ. ಎಡಿಎಚ್‌ಡಿ ಮಗುವಿಗೆ ಇದಕ್ಕಿಂತ ಅನುಕೂಲವಾದ ಕ್ಲಾಸು ಸಿಗುವುದು ಕಷ್ಟ. ನಾಲ್ಕಕ್ಕೆ ಬಂದ ಕೂಡಲೇ ಬೆಂಚು, ಬೋರ್ಡು, ನಲವತ್ತು ನಿಮಿಷ ನಕಲು ಬರೆಯುವುದು. 'ಹೋದ ವರ್ಷದವರೆಗೂ ಚೆನ್ನಾಗಿದ್ದ, ಈಗೇನಾಯ್ತೋ' ಅನ್ನುವ ಮಾತು ಬರುವುದು ಆಗಲೇ. ಮಗು ಬದಲಾಗಿಲ್ಲ. ನಲಿ-ಕಲಿಯ ಒಂದಿಷ್ಟು ಓಡಾಟವನ್ನು ನಾಲ್ಕು, ಐದಕ್ಕೂ ದಾಟಿಸಿ.

ಮನೆಯವರ ಪಾಲೂ ಇದೆ, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ಮೈ ದಣಿಯುವ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಆಟೋದಲ್ಲಿ ಶಾಲೆಗೆ, ಶಾಲೆಯಿಂದ ಟ್ಯೂಷನ್‌ಗೆ, ಟ್ಯೂಷನ್‌ನಿಂದ ಟಿ.ವಿ. ಮುಂದಕ್ಕೆ ಹೋಗುವ ಮಗುವಿಗೆ ಅದು ಎಲ್ಲಿಂದ ಬರಬೇಕು? ನಮ್ಮ ಮನೆಯಲ್ಲಿ ಬೆಳಿಗ್ಗೆ ಹಾಲು ತರುವುದು ಅವನ ಕೆಲಸ, ಸೈಕಲ್ಲಿನಲ್ಲಿ, ಬೇಕಂತಲೇ ದೂರದ ಬೂತಿನಿಂದ. ಸಂಜೆ ಬಂದವನು ಮೊದಲು ಬೀದಿಗೆ, ಆಮೇಲೆ ಪುಸ್ತಕಕ್ಕೆ. ಮಾರ್ಕ್ಸ್ ಕಡಿಮೆ ಬಂದಾಗ 'ಟ್ಯೂಷನ್‌ಗೆ ಹಾಕಿ' ಅನ್ನುವ ಮುಂಚೆ ದಯವಿಟ್ಟು ಈ ಲೆಕ್ಕವನ್ನೂ ಹಾಕಿ.

ನಿದ್ದೆಯ ವಿಷಯದಲ್ಲಿ ಮಾತ್ರ ನಿಮ್ಮ ಸಹಾಯ ಬೇಕೇ ಬೇಕು. 6ರಿಂದ 12 ವರ್ಷದ ಮಗುವಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ. ನಿದ್ದೆಗೆಟ್ಟ ಮಕ್ಕಳು ಎಷ್ಟೋ ಸಲ ಇನ್ನಷ್ಟು ಕುಣಿಯುತ್ತಾರೆ. ಈಗ ಹೋಂವರ್ಕ್ ರಾತ್ರಿ ಎಂಟೂವರೆಗೆ ವಾಟ್ಸಾಪ್ ಗ್ರೂಪಿಗೆ ಬರುತ್ತದೆ. ಅದನ್ನು ನೋಡಲು ಮೊಬೈಲ್ ತೆರೆಯಬೇಕು, ಮೊಬೈಲ್ ಕಂಡ ಮಗು ಅದನ್ನು ಬಿಡುವುದಿಲ್ಲ, ಒಂಬತ್ತಕ್ಕೆ ಮಲಗಬೇಕಾದವನು ಹನ್ನೊಂದಕ್ಕೆ ಮಲಗುತ್ತಾನೆ. ಹಿಂದಿನ ಹಾಗೆ ಬೆಲ್ ಹೊಡೆಯುವ ಮುಂಚೆ ಡೈರಿಯಲ್ಲಿ ಬರೆಸಿಬಿಡಿ. ಇವನು ಬರೆದುಕೊಂಡನೋ ಇಲ್ಲವೋ ಅಂತ ಒಂದು ಕಣ್ಣು ಹಾಯಿಸಿ.

ಊಟದ ಬಗ್ಗೆ ನಾನು ಕೇಳಿದ ಸಲಹೆಗಳಲ್ಲಿ ಮೊದಲನೆಯದು ಯಾವಾಗಲೂ 'ಸಿಹಿ ಬಿಡಿಸಿ'. ಸಕ್ಕರೆಯಿಂದ ಮಕ್ಕಳು ಕುಣಿಯುತ್ತಾರೆ ಅನ್ನುವುದನ್ನು ತೊಂಬತ್ತರ ದಶಕದಲ್ಲೇ ಚೆನ್ನಾಗಿ ಪರೀಕ್ಷಿಸಿ ನೋಡಿದ್ದಾರೆ, ಅದು ಸಾಬೀತಾಗಿಲ್ಲ. ಹಲ್ಲಿಗೆ, ತೂಕಕ್ಕೆ ಕೆಟ್ಟದ್ದು, ಅದು ಬೇರೆ ಮಾತು. ಕೃತಕ ಬಣ್ಣಗಳ ಬಗ್ಗೆ ಕಾಳಜಿಗೆ ಕಾರಣವಿದೆ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ನಡೆದ ಪ್ರಯೋಗದ ನಂತರ ಆರು ಬಣ್ಣಗಳಿರುವ ತಿನಿಸಿನ ಮೇಲೆ ಮಕ್ಕಳ ಗಮನಕ್ಕೆ ತೊಂದರೆಯಾಗಬಹುದು ಅಂತ ಎಚ್ಚರಿಕೆ ಹಾಕುವುದನ್ನು ಯುರೋಪ್ 2010ರಲ್ಲಿ ಕಡ್ಡಾಯ ಮಾಡಿತು. ನಮ್ಮ ರಾಜ್ಯ 2024ರಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿ, ಕಬಾಬ್‌ಗಳಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ಬೇರೆ ಆರೋಗ್ಯ ಕಾರಣಕ್ಕೆ; ನಮ್ಮ ಮಕ್ಕಳಿಗೂ ಅದರಿಂದ ಒಳ್ಳೆಯದೇ. ಇದಕ್ಕಿಂತ ಮುಖ್ಯವಾದದ್ದು ಖಾಲಿ ಹೊಟ್ಟೆಯಲ್ಲಿ ಶಾಲೆಗೆ ಬರದಿರುವುದು, ಮತ್ತು ಬಿಸಿಯೂಟದ ಆ ಒಂದು ಮೊಟ್ಟೆ.

ಒಂದು ಎಚ್ಚರಿಕೆ. ಆಟವಾಡಿಸಿದರೆ ಔಷಧ ಬೇಡ ಅಂತ ನಾನು ಹೇಳುತ್ತಿಲ್ಲ, ನೀವೂ ಯಾವ ಪೋಷಕರಿಗೂ ಹಾಗೆ ಹೇಳಬೇಡಿ. ಕೆಲವು ಮಕ್ಕಳಿಗೆ ಔಷಧ ಬೇಕು, ಅದರಿಂದ ಅವರ ದಿನವೇ ಬೇರೆಯಾಗುತ್ತದೆ. ಆರು ವರ್ಷದೊಳಗಿನವರಿಗೆ ಮೊದಲು ಪೋಷಕರಿಗೆ ತರಬೇತಿ, ಆಮೇಲೆ ಔಷಧದ ಯೋಚನೆ. ದೊಡ್ಡ ಮಕ್ಕಳಿಗೆ ಎರಡೂ ಜೊತೆಗೆ, ಅದನ್ನು ನಿರ್ಧರಿಸುವವರು ವೈದ್ಯರು. ಇಲ್ಲಿ ನಿಮಗೆ ತಿಳಿದಿರಬೇಕಾದ ಒಂದು ಸಂಗತಿ ಇದೆ: ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಔಷಧ ತೆಗೆದುಕೊಳ್ಳುವ ಮಗುವಿಗೆ ಮಧ್ಯಾಹ್ನ ಹಸಿವಾಗದಿರಬಹುದು. ತಟ್ಟೆಯಲ್ಲಿ ಅನ್ನ ಬಿಟ್ಟ ಅಂತ ಗದರಬೇಡಿ, ನಮಗೊಂದು ಮಾತು ಹೇಳಿ. ಬೆಳಿಗ್ಗೆ, ಸಂಜೆ ಹೊಟ್ಟೆ ತುಂಬ ಕೊಡುತ್ತೇವೆ.

ಮಗುವನ್ನು ತೋರಿಸಿ ಅಂತ ಪೋಷಕರಿಗೆ ಹೇಳಬೇಕಾದಾಗ ಮೆಲ್ಲಗೆ, ಬೇರೆಯವರಿಲ್ಲದ ಕಡೆ ಹೇಳಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆಗಳು ದೂರ ಅನ್ನಿಸಿದರೆ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ವೈದ್ಯರು ನಿಮಗೊಂದು ಪ್ರಶ್ನಾವಳಿ ಕಳಿಸುತ್ತಾರೆ, ಏಕೆಂದರೆ ತೊಂದರೆ ಮನೆ, ಶಾಲೆ ಎರಡೂ ಕಡೆ ಕಾಣದೆ ಅವರು ಎಡಿಎಚ್‌ಡಿ ಅನ್ನುವುದಿಲ್ಲ. ಸ್ಟಾಫ್ ರೂಮಿನಲ್ಲಿ ಐದು ನಿಮಿಷದಲ್ಲಿ ಎಲ್ಲಕ್ಕೂ 'ಯಾವಾಗಲೂ' ಅಂತ ಟಿಕ್ ಹಾಕಬೇಡಿ. ಒಂದು ವಾರ ಗಮನಿಸಿ ತುಂಬಿ. ಮಗುವಿನ ಹುಟ್ಟಿದ ತಿಂಗಳನ್ನೂ ನೋಡಿ. 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಶಾಲೆ ಸೇರುವ ವಯಸ್ಸಿನ ಸೆಪ್ಟೆಂಬರ್ 1ರ ಗಡುವಿಗೆ ಸ್ವಲ್ಪ ಮುಂಚೆ ಹುಟ್ಟಿ ಕ್ಲಾಸಿಗೇ ಚಿಕ್ಕವರಾದ ಮಕ್ಕಳಿಗೆ ಎಡಿಎಚ್‌ಡಿ ಇದೆ ಅನ್ನುವುದು ಕ್ಲಾಸಿನ ಹಿರಿಯ ಮಕ್ಕಳಿಗಿಂತ ಶೇ. 34ರಷ್ಟು ಹೆಚ್ಚಾಗಿತ್ತು. ನಮ್ಮಲ್ಲೂ ಕ್ಲಾಸಿನಲ್ಲಿ ಎಲ್ಲರಿಗಿಂತ ಕೊನೆಗೆ ಹುಟ್ಟಿದ ಮಗು ಬರೀ ಚಿಕ್ಕದಿರಬಹುದು.

ಮೇ ಕೊನೆಗೆ ಶಾಲೆ ತೆರೆದಾಗ ನೀವು ಕೂತು ಹೊಸ ವೇಳಾಪಟ್ಟಿ ಮಾಡುತ್ತೀರಿ. ಪಿ.ಟಿ. ಸಾಮಾನ್ಯವಾಗಿ ಕೊನೆಯ ಪೀರಿಯಡ್‌ಗೆ ಹೋಗುತ್ತದೆ. ಈ ಸಲ ಅದನ್ನು ಎರಡನೆಯದೋ ಮೂರನೆಯದೋ ಮಾಡಿ, ಅದರ ಬೆನ್ನಿಗೇ ಗಣಿತ ಇಡಿ. ವಾರಕ್ಕೆ ಎರಡೇ ಪಿ.ಟಿ. ಇದ್ದರೆ ಉಳಿದ ದಿನ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳನ್ನು ಹದಿನೈದು ನಿಮಿಷ ಮೈದಾನದಲ್ಲಿ ಓಡಿಸಿ. ಪಿ.ಟಿ. ಮೇಷ್ಟ್ರೇ ಇಲ್ಲದ ಶಾಲೆಯಾದರೆ ನಮ್ಮಂಥ ಪೋಷಕರನ್ನು ಕರೆಯಿರಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಈ ಮಾತು ಎತ್ತಿ. ಸರದಿಯ ಮೇಲೆ ಬಂದು ನಿಲ್ಲುತ್ತೇವೆ, ಹಗ್ಗ, ಸುಣ್ಣದ ಪುಡಿ ನಾವೇ ತರುತ್ತೇವೆ.

ಗೌರವದಿಂದ,
ಐದನೇ ಕ್ಲಾಸಿನ ಹುಡುಗನೊಬ್ಬನ ತಾಯಿ